ಗದರುವ ಹಕ್ಕು ಯಾರಿಗೆ?

ಸಾಲ ಎಷ್ಟಿದೆ? ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದ ದೂರೇನಾದರೂ ದಾಖಲಾಗಿದೆಯೇ? ಕುಡಿತದಿಂದ ತೊಂದರೆಯಾದದ್ದುಂಟೇ? ನೀವು ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಅಮೆರಿಕದ ಮರೀನ್ ಕೋರ್‌ನಲ್ಲಿ ಡ್ರಿಲ್ ಇನ್‌ಸ್ಟ್ರಕ್ಟರ್ ಆಗಬಯಸುವ ಸಾರ್ಜೆಂಟ್ ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕು. ಓಟ, ಗುಂಡು ಹಾರಿಸುವ ಗುರಿ, ಎದೆಯ ಮೇಲಿನ ಪದಕಗಳನ್ನು ನೋಡುವುದು ಇದ್ದೇ ಇದೆ. ಅದರ ಜೊತೆಗೆ ಮನಶ್ಶಾಸ್ತ್ರಜ್ಞರ ಮುಂದೆ ಕೂರಬೇಕು. ಕಮಾಂಡಿಂಗ್ ಆಫೀಸರ್ ಎದುರು ಕೂರಿಸಿಕೊಂಡು ಮಾತಾಡಿಸಿ, ಈತ ತಕ್ಕವನು ಎಂದು ಬರೆದು ಸಹಿ ಹಾಕಬೇಕು. ಶಿಸ್ತುಕ್ರಮದ ಹಳೆಯ ಕಡತಗಳನ್ನು ತೆಗೆದು ನೋಡುತ್ತಾರೆ.

ಕವಾಯತು ಹೇಳಿಕೊಡುವವನಿಗೆ ಇಷ್ಟೆಲ್ಲ ತಪಾಸಣೆ ಏಕೆ ಎಂದು ಅನ್ನಿಸಬಹುದು. ಅವನ ಕೈಗೆ ಬರುವ ಅಧಿಕಾರ ಎಂಥದ್ದೆಂದು ನೋಡಿದರೆ, ಇಷ್ಟು ಸಾಕೇ ಎಂಬ ಅನುಮಾನ ಶುರುವಾಗುತ್ತದೆ.

ಮರೀನ್ ಆಗಲು ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಆಗಷ್ಟೇ ಹೈಸ್ಕೂಲು ಮುಗಿಸಿದವರು. ದಕ್ಷಿಣ ಕೆರೊಲಿನಾದ ಪ್ಯಾರಿಸ್ ಐಲೆಂಡ್ ಇಲ್ಲವೇ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ, ಈ ಎರಡರಲ್ಲಿ ಒಂದು ಕಡೆ 13 ವಾರ ಅವರ ತರಬೇತಿ. ಬಸ್ಸಿಳಿದ ಕೂಡಲೇ ನೆಲದ ಮೇಲೆ ಬಳಿದಿರುವ ಹಳದಿ ಹೆಜ್ಜೆಗುರುತುಗಳ ಮೇಲೆ ನಿಲ್ಲಬೇಕು. ಫೋನು ಹೋಗುತ್ತದೆ, ತಲೆಗೂದಲು ಹೋಗುತ್ತದೆ. ‘ನಾನು’ ಎನ್ನುವಂತಿಲ್ಲ, ಬಾಯಾರಿದರೆ ‘ಈ ರಿಕ್ರೂಟ್‌ಗೆ ನೀರು ಬೇಕು’ ಎಂದು ತನ್ನನ್ನೇ ಮೂರನೆಯವನಂತೆ ಹೇಳಿಕೊಳ್ಳಬೇಕು. ಏಳುವುದು, ಉಣ್ಣುವುದು, ಮಲಗುವುದು, ಶೌಚಕ್ಕೆ ಹೋಗುವುದು ಎಲ್ಲವೂ ಒಬ್ಬರ ಅಪ್ಪಣೆಯ ಮೇಲೆ. ಆ ಒಬ್ಬರು ಡ್ರಿಲ್ ಇನ್‌ಸ್ಟ್ರಕ್ಟರ್. ಹಡೆದವರಿಗೂ, ಪಾಠ ಹೇಳಿದ ಮೇಷ್ಟರಿಗೂ ಆ ವಯಸ್ಸಿನವರ ಮೇಲೆ ಇಷ್ಟು ಹಿಡಿತ ಎಂದೂ ಸಿಕ್ಕಿರುವುದಿಲ್ಲ.

ಇಂಥ ಹಿಡಿತವನ್ನು ಯಾರ ಕೈಗೆ ಕೊಡಬೇಕು ಎಂಬುದನ್ನು ಮರೀನ್ ಕೋರ್ ಕುಳಿತು ಯೋಚಿಸಿ ಕಂಡುಕೊಳ್ಳಲಿಲ್ಲ. ಹುಡುಗರು ಸತ್ತ ಮೇಲೆ ಕಲಿಯಿತು.

1956ರ ಏಪ್ರಿಲ್ 8, ಭಾನುವಾರ. ಪ್ಯಾರಿಸ್ ಐಲೆಂಡ್‌ನ 71ನೇ ಪ್ಲಟೂನಿನ ಹುಡುಗರಲ್ಲಿ ಶಿಸ್ತು ಸಡಿಲವಾಗಿದೆ ಎಂದು ಸ್ಟಾಫ್ ಸಾರ್ಜೆಂಟ್ ಮ್ಯಾಥ್ಯೂ ಮೆಕಿಯಾನ್‌ಗೆ ಅನ್ನಿಸಿತ್ತು. ಎರಡನೇ ಮಹಾಯುದ್ಧದಲ್ಲೂ ಕೊರಿಯಾದಲ್ಲೂ ಸೇವೆ ಮಾಡಿದ್ದವನು. ಡ್ರಿಲ್ ಇನ್‌ಸ್ಟ್ರಕ್ಟರ್ ಆಗಿ ಇದು ಅವನ ಮೊದಲ ಪ್ಲಟೂನ್. ಆ ದಿನ ಅವನು ಸ್ವಲ್ಪ ಕುಡಿದಿದ್ದ. ಕತ್ತಲಾದ ಮೇಲೆ ಸುಮಾರು 75 ಹುಡುಗರನ್ನು ಸಾಲು ಕಟ್ಟಿಸಿ ಬ್ಯಾರಕ್ಕಿನ ಹಿಂದಿನ ಜವುಗಿನತ್ತ ನಡೆಸಿದ. ಅಲ್ಲಿದ್ದದ್ದು ರಿಬ್ಬನ್ ಕ್ರೀಕ್. ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕಂತೆ ತುಂಬಿ ಬತ್ತುವ ಕೆಸರು ಹಳ್ಳ. ಹುಡುಗರನ್ನು ಮುಂದೆ ತಳ್ಳಿ ದಡದಲ್ಲಿ ನಿಂತವನಲ್ಲ ಮೆಕಿಯಾನ್, ತಾನೇ ಮೊದಲು ನೀರಿಗಿಳಿದ. ಮೊಣಕಾಲ ನೀರು ಸೊಂಟಕ್ಕೆ ಬಂತು, ಅಲ್ಲಿಂದ ತಟ್ಟನೆ ಆಳವಾಯಿತು. ಈಜು ಬಾರದವರು ಪಕ್ಕದವರನ್ನು ತಬ್ಬಿ ಹಿಡಿದರು. ಆ ರಾತ್ರಿ ಆರು ಮಂದಿ ಮುಳುಗಿ ಸತ್ತರು.

ಬೇಸಿಗೆಯಲ್ಲಿ ಸೇನಾ ನ್ಯಾಯಾಲಯದ ವಿಚಾರಣೆ ನಡೆಯಿತು. ಮೆಕಿಯಾನ್ ಪರವಾಗಿ ನಿಂತದ್ದು ನ್ಯೂಯಾರ್ಕಿನ ಹೆಸರಾಂತ ವಕೀಲ ಎಮಿಲ್ ಝೋಲಾ ಬರ್ಮನ್. ಮರೀನ್‌ಗಳ ಕಣ್ಣಲ್ಲಿ ದಂತಕಥೆಯೇ ಆಗಿಬಿಟ್ಟಿದ್ದ ನಿವೃತ್ತ ಜನರಲ್ ‘ಚೆಸ್ಟಿ’ ಪುಲ್ಲರ್ ಕೂಡ ಬಂದು ಅವನ ಪರ ಸಾಕ್ಷಿ ಹೇಳಿದ. ಅದೇ ಪ್ಲಟೂನಿನಲ್ಲಿ ಬದುಕುಳಿದ ಹುಡುಗರಲ್ಲೂ ಕೆಲವರು ಆತ ಒಳ್ಳೆಯ ಶಿಕ್ಷಕ ಎಂದೇ ಹೇಳಿದರು. ನರಹತ್ಯೆಯ ಆರೋಪದಿಂದ ಬಿಡುಗಡೆಯಾಯಿತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದು ಮತ್ತು ಕುಡಿದದ್ದು ರುಜುವಾತಾಯಿತು. ಕೊನೆಗೆ ಉಳಿದ ಶಿಕ್ಷೆ ಮೂರು ತಿಂಗಳ ಸೆರೆ, ಜೊತೆಗೆ ಪ್ರೈವೇಟ್ ಹುದ್ದೆಗೆ ಹಿಂಬಡ್ತಿ.

ಈ ಪ್ರಕರಣ ನನ್ನನ್ನು ಇಂದಿಗೂ ಕಾಡುವುದು ಮೆಕಿಯಾನ್ ಕ್ರೂರಿಯಾಗಿರಲಿಲ್ಲ ಎಂಬ ಕಾರಣಕ್ಕೆ. ಕ್ರೂರಿಯನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಹುಡುಗರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಮನಸಾರೆ ನಂಬಿದವನು, ದಣಿದಿರುವವನು, ಅನುಭವ ಸಾಲದವನು, ತಡೆಯುವವರು ಹತ್ತಿರ ಯಾರೂ ಇಲ್ಲದವನು ಯಾವ ಗಳಿಗೆಯಲ್ಲಿ ಗೆರೆ ದಾಟುತ್ತಾನೆ ಎಂದು ಹೇಳುವುದೇ ಕಷ್ಟ. ಡ್ರಿಲ್ ಇನ್‌ಸ್ಟ್ರಕ್ಟರ್‌ಗಳ ಆಯ್ಕೆ ಮತ್ತು ಕಲಿಕೆ ಅಲ್ಲಿಂದೀಚೆಗೆ ಈ ಮನುಷ್ಯನನ್ನೇ ಹುಡುಕುತ್ತ ಬಂದಿದೆ.

ಅದೇ ವರ್ಷ ಕೋರ್ ಹಲವು ಬದಲಾವಣೆ ಮಾಡಿತು. ಅಧಿಕಾರಿಗಳ ಮೇಲ್ವಿಚಾರಣೆ ಬಿಗಿಯಾಯಿತು, ರಿಕ್ರೂಟ್ ತರಬೇತಿಗೆ ಬೇರೆಯೇ ಆಡಳಿತ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಬಳಕೆ ತಪ್ಪಿಹೋಗಿದ್ದ ಅಗಲ ಅಂಚಿನ ಗಟ್ಟಿ ಟೋಪಿಯನ್ನು 1956ರಲ್ಲಿ ಮತ್ತೆ ತಂದು ಡ್ರಿಲ್ ಇನ್‌ಸ್ಟ್ರಕ್ಟರ್‌ಗಳ ತಲೆಗೆ ಇಟ್ಟರು. ಇಂದು ಸಿನಿಮಾಗಳಲ್ಲಿ ಭಯದ ಗುರುತಾಗಿ ಕಾಣುವ ಆ ಟೋಪಿ ಮರಳಿ ಬಂದದ್ದು ರಿಬ್ಬನ್ ಕ್ರೀಕ್‌ನ ಬೆನ್ನಿಗೇ. ಮಾನ ಹೋಗಿದ್ದ ಕೆಲಸಕ್ಕೆ ಗೌರವ ತರಲು, ಅದನ್ನು ತೊಟ್ಟವನಿಗೆ ತನ್ನ ಹೊಣೆಯ ನೆನಪು ಇರಲಿ ಎನ್ನಲು ತಂದ ಟೋಪಿ ಅದು. ಈಗ ಶಾಲೆ ಮುಗಿಸುವ ಪ್ರತಿಯೊಬ್ಬನೂ ಒಂದು ಪ್ರತಿಜ್ಞೆ ಸ್ವೀಕರಿಸುತ್ತಾನೆ. ಈ ರಿಕ್ರೂಟ್‌ಗಳನ್ನು ನನ್ನ ಕೈಗೊಪ್ಪಿಸಿದ್ದಾರೆ, ಅವರಿಂದ ಬಯಸುವ ನಡತೆಯನ್ನು ನಾನೇ ಮೊದಲು ನಡೆದು ತೋರಿಸುತ್ತೇನೆ ಎಂಬುದು ಅದರ ತಿರುಳು. ಅದರಲ್ಲಿ ಹೆದರಿಸುವ ಮಾತೇ ಇಲ್ಲ.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಇನ್ನೊಂದು ಸಾವು. ಟೆಕ್ಸಾಸ್‌ನ ಲಿನ್ ಮೆಕ್ಲೂರ್ ಬುದ್ಧಿ ಬೆಳವಣಿಗೆ ಕಡಿಮೆಯಿದ್ದ ಹುಡುಗ. ಸೇನೆಗೆ ಸೇರಲೇಬಾರದಿತ್ತು, ಆದರೂ ಸೇರಿಸಿಕೊಂಡಿದ್ದರು. 1975ರ ಡಿಸೆಂಬರಿನಲ್ಲಿ ಸ್ಯಾನ್ ಡಿಯೇಗೊದಲ್ಲಿ, ಬಯನೆಟ್ ಅಭ್ಯಾಸಕ್ಕೆ ಬಳಸುವ ಮೆತ್ತೆ ಸುತ್ತಿದ ಕೋಲುಗಳ ಕಾದಾಟಕ್ಕೆ ಅವನನ್ನು ಇಳಿಸಿದರು. ಅವನು ಬೇಡವೆಂದರೂ ಒಬ್ಬರಾದ ಮೇಲೊಬ್ಬರು ಬಂದು ಹೊಡೆದರು. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದ ಅವನು 1976ರ ಮಾರ್ಚ್‌ನಲ್ಲಿ ತೀರಿಕೊಂಡ. ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆಯಾಯಿತು. ಆಗ ಕೋರ್‌ನ ಮುಖ್ಯಸ್ಥನಾಗಿದ್ದ ಜನರಲ್ ಲೂಯಿಸ್ ವಿಲ್ಸನ್ ತರಬೇತಿಯ ಮೇಲೆ ಕಣ್ಣಿಡಲು ಹೆಚ್ಚು ಅಧಿಕಾರಿಗಳನ್ನು ಹಾಕಿದ. ಹಿಂದುಳಿದವರನ್ನು ಬಗ್ಗಿಸಲೆಂದೇ ಇದ್ದ ಪ್ರತ್ಯೇಕ ಪ್ಲಟೂನುಗಳನ್ನು ಮುಚ್ಚಿಸಿದ. ಡ್ರಿಲ್ ಇನ್‌ಸ್ಟ್ರಕ್ಟರ್‌ಗಳನ್ನು ಆರಿಸುವ ಜರಡಿಯನ್ನು ಇನ್ನಷ್ಟು ಸಣ್ಣದು ಮಾಡಿದ. ಅರ್ಜಿದಾರರನ್ನು ಸಾಲದ ಬಗ್ಗೆ, ಸಂಸಾರದ ಬಗ್ಗೆ, ಮನಸ್ಸಿನ ಸ್ಥಿಮಿತದ ಬಗ್ಗೆ ಇಷ್ಟು ಕೆದಕಿ ಕೇಳುವುದನ್ನು ಈ ಸಾವುಗಳ ಹಿನ್ನೆಲೆಯಲ್ಲೇ ನೋಡಬೇಕು. ಮನೆಯಲ್ಲಿ ಹೊತ್ತಿಕೊಂಡ ಸಿಟ್ಟು ಬೆಳಗಿನ ಜಾವ ಬ್ಯಾರಕ್ಕಿನೊಳಗೆ ಯಾರ ಮೇಲೆ ಇಳಿದೀತು ಎಂಬುದೇ ಅಲ್ಲಿ ಯೋಚನೆ.

ಜರಡಿಯಲ್ಲಿ ಉಳಿದವರು ಡ್ರಿಲ್ ಇನ್‌ಸ್ಟ್ರಕ್ಟರ್ ಶಾಲೆಗೆ ಬರುತ್ತಾರೆ. ಎರಡೂ ನೆಲೆಗಳಲ್ಲಿ ಒಂದೊಂದು ಶಾಲೆಯಿದೆ; ಸುಮಾರು ಮೂರು ತಿಂಗಳ ಕಲಿಕೆ. ಬಂದವರು ಎಳೆಯರಲ್ಲ. ಸಾರ್ಜೆಂಟ್, ಸ್ಟಾಫ್ ಸಾರ್ಜೆಂಟ್, ಗನ್ನರಿ ಸಾರ್ಜೆಂಟ್ ದರ್ಜೆಯವರು, ಎಷ್ಟೋ ವರ್ಷ ಸೇವೆ ಮಾಡಿದವರು, ಹಲವರು ಯುದ್ಧ ಕಂಡವರು. ಒಬ್ಬ ಟ್ರಕ್ ಮೆಕ್ಯಾನಿಕ್, ಇನ್ನೊಬ್ಬ ಅಡುಗೆಯವನು, ಮತ್ತೊಬ್ಬ ಫಿರಂಗಿ ದಳದವನು. ಶಾಲೆಯ ಬಾಗಿಲು ಹೊಕ್ಕ ಮೇಲೆ ಇವರೆಲ್ಲ ಮತ್ತೆ ರಿಕ್ರೂಟ್‌ಗಳಂತೆಯೇ. ಸಮವಸ್ತ್ರದ ಮೇಲಿನ ಬಿಟ್ಟ ದಾರದ ಎಳೆಗೂ ಲೆಕ್ಕ ಕೇಳುತ್ತಾರೆ. ಹುಡುಗರಿಂದ ಏನನ್ನು ಬಯಸುತ್ತೀಯೋ ಅದನ್ನು ಮೊದಲು ನಿನ್ನ ಮೈಗೆ ತಂದುಕೋ ಎಂಬುದು ಅಲ್ಲಿನ ರೀತಿ.

ಹೊರಗಿನವರಿಗೆ ಸುಲಭ ಅನ್ನಿಸುವ ಕವಾಯತೇ ಒಳಗಿನವರಿಗೆ ಬಲು ಕಷ್ಟದ ಪಾಠ. ‘ಪರೇಡ್, ಸಾವಧಾನ್’ ಕೇಳಿ ಬೆಳೆದ ನಮ್ಮ ಎನ್‌ಸಿಸಿ ಮಕ್ಕಳಿಗೂ ಗೊತ್ತಿರುವಂತೆ ಆಜ್ಞೆಗೆ ಎರಡು ಭಾಗ: ಮೊದಲನೆಯದು ಎಚ್ಚರಿಸುತ್ತದೆ, ಎರಡನೆಯದು ಮಾಡಿಸುತ್ತದೆ. ಅಮೆರಿಕದ ಪದ್ಧತಿಯಲ್ಲಿ ಸಾಮಾನ್ಯ ನಡಿಗೆಗೆ ನಿಮಿಷಕ್ಕೆ 120 ಹೆಜ್ಜೆ, ಒಂದು ಹೆಜ್ಜೆಗೆ 30 ಅಂಗುಲ. ಪ್ಲಟೂನು ಎಡಕ್ಕೆ ತಿರುಗಬೇಕಾದರೆ ಆಜ್ಞೆಯ ಎರಡನೇ ಭಾಗ ಎಡಗಾಲು ನೆಲ ಮುಟ್ಟುವ ಕ್ಷಣಕ್ಕೆ ಬರಬೇಕು, ಬಲಕ್ಕಾದರೆ ಬಲಗಾಲಿಗೆ. ಅರ್ಧ ಸೆಕೆಂಡು ತಪ್ಪಿದರೆ ಒಂದು ಸಾಲು ತಿರುಗುತ್ತದೆ, ಇನ್ನೊಂದು ನೇರ ಹೋಗಿ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಯಕ್ಷಗಾನದ ಭಾಗವತರು ತಾಳ ತಪ್ಪಿದರೆ ವೇಷಧಾರಿಯ ಹೆಜ್ಜೆ ಏನಾಗುತ್ತದೋ ಇಲ್ಲೂ ಹಾಗೆಯೇ. ಕುಣಿಯುವವನ ತಪ್ಪು ಎಂದು ಜಾರಿಕೊಳ್ಳುವಂತಿಲ್ಲ. ಹೀಗಾಗಿ ಕಲಿಯುವವನು ಪ್ರತಿಯೊಂದು ಚಲನೆಯ ಹೆಸರು, ಅದು ಯಾತಕ್ಕೆ, ಎಷ್ಟು ಎಣಿಕೆಯಲ್ಲಿ ಮುಗಿಯಬೇಕು, ಬೆರಳು ಎಲ್ಲಿರಬೇಕು, ಹಿಮ್ಮಡಿ ಎಲ್ಲಿರಬೇಕು ಎಂಬುದನ್ನೆಲ್ಲ ಕೈಪಿಡಿಯಲ್ಲಿದ್ದಂತೆ ಅಕ್ಷರ ಬಿಡದೆ ಬಾಯಿಪಾಠ ಮಾಡಿ, ಕಲಿಸುವವರೆದುರು ನಿಂತು ಪಾಠ ಹೇಳಿ ತೋರಿಸಬೇಕು. ಭೂಸೇನೆಯ ಡ್ರಿಲ್ ಸಾರ್ಜೆಂಟ್‌ಗಳಿಗೂ ಫೋರ್ಟ್ ಜಾಕ್ಸನ್ ಅಕಾಡೆಮಿಯಲ್ಲಿ ಇದೇ ಪರೀಕ್ಷೆ. ಯುದ್ಧದಲ್ಲಿ ಎದೆಗುಂದದವರು ಇಲ್ಲಿ ತಡವರಿಸಿ ನಿಲ್ಲುತ್ತಾರೆ.

ಇನ್ನು ದನಿ. ಗಂಟಲಿನಿಂದ ಕೂಗಿದವನ ದನಿ ಬೇಗ ಕಟ್ಟಿಹೋಗುತ್ತದೆ. ಹೊಟ್ಟೆಯಿಂದ ಉಸಿರೆತ್ತಿ, ದನಿಯನ್ನು ಮೈದಾನದ ಆ ತುದಿಗೆ ಮುಟ್ಟಿಸುವುದನ್ನು ಅವರು ದಿನವೂ ಸಾಧಕ ಮಾಡುತ್ತಾರೆ; ಎದುರಿಗೆ ಮನುಷ್ಯರಿಲ್ಲದಿದ್ದರೆ ಮರಗಳಿಗೆ ಆಜ್ಞೆ ಕೊಡುತ್ತಾರೆ. ಇಷ್ಟಾದರೂ ಧ್ವನಿತಂತುಗಳು ಊದಿಕೊಳ್ಳುವುದು ತಪ್ಪುವುದಿಲ್ಲ, ಗಂಟಲ ತಜ್ಞರು ಇವರನ್ನು ಪರೀಕ್ಷಿಸಿ ಅದನ್ನು ದಾಖಲಿಸಿದ್ದಾರೆ. ಒಡೆದ, ಕರಕಲು ಹತ್ತಿದ ಆ ದನಿಗೆ ಮರೀನ್‌ಗಳು ಕಪ್ಪೆದನಿ ಎಂದೇ ಹೆಸರಿಟ್ಟಿದ್ದಾರೆ.

ನಡಿಗೆಯ ಲಯಕ್ಕೆ ಹಾಡಿನ ಗುಂಗು ಬಂದದ್ದರ ಹಿಂದೆ ಒಂದು ಕಥೆಯಿದೆ. 1944ರಲ್ಲಿ ನ್ಯೂಯಾರ್ಕಿನ ಫೋರ್ಟ್ ಸ್ಲೋಕಮ್‌ನಲ್ಲಿ ದಣಿದು ಕಾಲೆಳೆಯುತ್ತಿದ್ದ ಸಾಲಿಗೆ ಹುರುಪು ತುಂಬಲು ವಿಲ್ಲಿ ಡಕ್‌ವರ್ತ್ ಎಂಬ ಕಪ್ಪು ಸೈನಿಕ ಹೆಜ್ಜೆಗೆ ಹೊಂದುವ ಸವಾಲು ಜವಾಬಿನ ಹಾಡು ಕಟ್ಟಿ ಎತ್ತಿದ. ಸಾಲು ದನಿಗೂಡಿಸಿತು, ಕಾಲುಗಳು ತಾವಾಗಿ ಕೂಡಿಕೊಂಡವು. ಜಾರ್ಜಿಯಾದಲ್ಲಿ ಪಾಲಿಗೆ ಬೇಸಾಯ ಮಾಡುವವರ ನಡುವಿನಿಂದ ಬಂದ ಯುವಕ ಅವನು. ಇಂದು ಅಮೆರಿಕದ ಸೇನೆಯೆಲ್ಲ ಅವನ ಲಯದಲ್ಲಿ ನಡೆಯುತ್ತದೆ.

ಆ ಕಾಲದಲ್ಲಿ ಕಪ್ಪು ಯುವಕರು ಬಿಳಿಯರ ಜೊತೆ ಮರೀನ್ ತರಬೇತಿ ಪಡೆಯುವಂತಿರಲಿಲ್ಲ. 1942ರಿಂದ 1949ರವರೆಗೆ ಸುಮಾರು 20,000 ಮಂದಿ ಉತ್ತರ ಕೆರೊಲಿನಾದ ಮಾಂಟ್‌ಫರ್ಡ್ ಪಾಯಿಂಟ್‌ನಲ್ಲಿ ಪ್ರತ್ಯೇಕವಾಗಿ ತಯಾರಾದರು. ಮೊದಮೊದಲು ಕಲಿಸುವವರೆಲ್ಲ ಬಿಳಿಯರು. 1943ರ ಹೊತ್ತಿಗೆ ಗಿಲ್ಬರ್ಟ್ ಜಾನ್ಸನ್, ಎಡ್ಗರ್ ಹಫ್ ಮೊದಲಾದ ಕಪ್ಪು ಡ್ರಿಲ್ ಇನ್‌ಸ್ಟ್ರಕ್ಟರ್‌ಗಳು ಆ ಜಾಗಕ್ಕೆ ಬಂದರು. ತೋಳಿನ ಮೇಲೆ ಹಳೆಯ ಸೇವೆಯ ಪಟ್ಟಿಗಳೇ ತುಂಬಿದ್ದರಿಂದ ಜಾನ್ಸನ್‌ಗೆ ‘ಹ್ಯಾಶ್‌ಮಾರ್ಕ್’ ಎಂದೇ ಅಡ್ಡಹೆಸರು. ತಮ್ಮವರೇ ಬಂದರೆಂದು ಹುಡುಗರಿಗೆ ಶಿಕ್ಷಣ ಹಗುರವಾಗಲಿಲ್ಲ, ಇನ್ನೂ ಕಠಿಣವಾಯಿತು. ಇವರಲ್ಲಿ ಒಬ್ಬ ಎಡವಿದರೂ ಕಪ್ಪು ಜನರೇ ಇದಕ್ಕೆ ತಕ್ಕವರಲ್ಲ ಎನ್ನಲು ಎಷ್ಟೋ ಮಂದಿ ಕಾದಿದ್ದಾರೆ ಎಂಬುದು ಆ ಶಿಕ್ಷಕರಿಗೆ ಗೊತ್ತಿತ್ತು. 1974ರಲ್ಲಿ ಆ ನೆಲೆಗೆ ಜಾನ್ಸನ್ ಹೆಸರನ್ನೇ ಇಟ್ಟರು. ಬಿಗಿಯೂ ಮಮತೆಯೂ ಒಬ್ಬನಲ್ಲೇ ಇರಬಲ್ಲವೇ ಎಂದು ಕೇಳುವವರಿಗೆ ನಾನು ತೋರಿಸುವುದು ಈ ಮಾಂಟ್‌ಫರ್ಡ್ ಪಾಯಿಂಟ್‌ನವರನ್ನು.

ಅಮೆರಿಕದ ಕವಾಯತಿನ ಮೂಲಪುರುಷನೂ ಇದೇ ದಾರಿಯವನು. 1778ರ ಫೆಬ್ರುವರಿಯಲ್ಲಿ ವ್ಯಾಲಿ ಫೋರ್ಜ್‌ನ ಚಳಿಯಲ್ಲಿ ಜಾರ್ಜ್ ವಾಷಿಂಗ್ಟನ್ನನ ಚಿಂದಿ ಬಟ್ಟೆಯ ಸೇನೆಯ ಮುಂದೆ ಬಂದು ನಿಂತ ಪ್ರಷ್ಯಾದ ಫ್ರೀಡ್ರಿಶ್ ಫಾನ್ ಸ್ಟಾಯ್ಬೆನ್‌ಗೆ ಇಂಗ್ಲಿಷೇ ಬಾರದು. ಜರ್ಮನ್‌ನಲ್ಲೂ ಫ್ರೆಂಚ್‌ನಲ್ಲೂ ಬೈದು ಸಾಕಾಗಿ, ಇಂಗ್ಲಿಷಿನಲ್ಲಿ ಬೈಯಲು ಕ್ಯಾಪ್ಟನ್ ವಾಕರ್‌ನನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದ. ಮೊದಲು ಒಂದು ಸಣ್ಣ ತುಕಡಿಗೆ ತಾನೇ ಬಂದೂಕು ಹಿಡಿದು ಕಲಿಸಿದ. ಆ ತುಕಡಿಯ ಮಾದರಿ ಉಳಿದ ಸೇನೆಗೆಲ್ಲ ಹರಡಿತು. ಬೈಗುಳಕ್ಕೆ ಹೆಸರಾದ ಈ ಮನುಷ್ಯ 1779ರಲ್ಲಿ ಬರೆದುಕೊಟ್ಟ ನಿಯಮಪುಸ್ತಕ, ಸೈನಿಕರನ್ನು ದಯೆಯಿಂದ ನಡೆಸಿಕೊಂಡು ಅವರ ಪ್ರೀತಿ ಗಳಿಸುವುದೇ ಕ್ಯಾಪ್ಟನ್ನನ ಮೊದಲ ಕೆಲಸ ಎನ್ನುತ್ತದೆ. ಇಲ್ಲಿನ ಸೈನಿಕನಿಗೆ ಹೀಗೆ ಮಾಡು ಎಂದರಷ್ಟೇ ಸಾಲದು, ಯಾಕೆ ಎಂದೂ ಹೇಳಬೇಕು ಎಂದು ಯುರೋಪಿನ ಪರಿಚಿತನಿಗೆ ಕಾಗದ ಬರೆದಿದ್ದ.

ಈಗಿನ ಶಾಲೆಯಲ್ಲಿ ನಿಯಮಗಳ ಪಾಠಕ್ಕೆ ಕವಾಯತಿನಷ್ಟೇ ತೂಕ. ರಿಕ್ರೂಟನ್ನು ಮುಟ್ಟುವುದು ಯಾವಾಗ? ನಿಲುವು ತಿದ್ದಲು, ಬಟ್ಟೆ ಸರಿಪಡಿಸಲು, ಅಪಾಯ ತಪ್ಪಿಸಲು. ಬೇರೆ ಯಾವುದಕ್ಕೂ ಇಲ್ಲ. ಹೊಲಸು ಬೈಗುಳ ಕೂಡದು. ತಪ್ಪಿಗೆ ದಂಡವಾಗಿ ಮಾಡಿಸುವ ಕಸರತ್ತಿಗೂ ಇಂಥದ್ದೇ ಕಸರತ್ತು, ಇಷ್ಟೇ ನಿಮಿಷ ಎಂಬ ಮಿತಿಯಿದೆ. 1987ರ ‘ಫುಲ್ ಮೆಟಲ್ ಜಾಕೆಟ್’ ಚಿತ್ರದಲ್ಲಿ ಆರ್. ಲೀ ಅರ್ಮಿ ಆಡಿದ ಮಾತು, ಹಾಕಿದ ಏಟು ಯಾವುದಕ್ಕೂ ಇಲ್ಲಿ ಜಾಗವಿಲ್ಲ. ಅರ್ಮಿ 1960ರ ದಶಕದಲ್ಲಿ ಸ್ಯಾನ್ ಡಿಯೇಗೊದಲ್ಲಿ ನಿಜವಾಗಿಯೂ ಡ್ರಿಲ್ ಇನ್‌ಸ್ಟ್ರಕ್ಟರ್ ಆಗಿದ್ದವನು, ಅಭಿನಯ ಅಮೋಘ. ಆದರೆ ಆ ಚಿತ್ರ ನೋಡಿ ಈ ಕೆಲಸಕ್ಕೆ ಆಸೆಪಟ್ಟು ಬಂದವನನ್ನು ಮೊದಲ ವಾರವೇ ವಾಪಸು ಕಳಿಸುವುದು ಎಲ್ಲರಿಗೂ ಕ್ಷೇಮ.

ಒಂದು ಪ್ಲಟೂನಿಗೆ ಮೂರೋ ನಾಲ್ಕೋ ಮಂದಿ ಡ್ರಿಲ್ ಇನ್‌ಸ್ಟ್ರಕ್ಟರ್‌ಗಳು. ಕಪ್ಪು ಬೆಲ್ಟ್ ತೊಟ್ಟ ಹಿರಿಯನದು ಮನೆಯ ಯಜಮಾನನ ಸ್ಥಾನ. ಹುಡುಗ ತನ್ನ ಕಷ್ಟ ಹೇಳಿಕೊಳ್ಳುವುದಿದ್ದರೆ ಅವನ ಹತ್ತಿರ. ಇನ್ನೊಬ್ಬನಿಗೆ ಕವಾಯತಿನ ಹೊಣೆ. ಹೊಸದಾಗಿ ಶಾಲೆ ಮುಗಿಸಿ ಬಂದವನಿಗೆ ಸಾಮಾನ್ಯವಾಗಿ ಸಿಗುವುದು ದಿನವಿಡೀ ಗದರುವ, ಬೆನ್ನು ಬಿಡದ ಪಾಲು. ಎಲ್ಲರಿಗಿಂತ ಅನುಭವ ಕಡಿಮೆ ಇದ್ದವನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬೇಡುವ ಕೆಲಸ! ಈ ಏರ್ಪಾಟು ನನಗೆ ಒಪ್ಪಿಗೆಯಾಗುವುದಿಲ್ಲ. ಬೆಳಗಿನ ನಾಲ್ಕಕ್ಕೆ ಶುರುವಾಗಿ ರಾತ್ರಿ ದೀಪ ಆರುವವರೆಗೆ ನಡೆಯುವ ದಿನ, ಸರದಿಯಲ್ಲಿ ಬ್ಯಾರಕ್ಕಿನಲ್ಲೇ ರಾತ್ರಿ ಕಾವಲು; ಇಂಥ ದಣಿವಿನಲ್ಲಿ ನಟನೆಯ ಸಿಟ್ಟು ನಿಜವಾದ ಸಿಟ್ಟಾಗಲು ಹೆಚ್ಚು ಹೊತ್ತು ಬೇಡ.

ರಹೀಲ್ ಸಿದ್ದೀಖಿಯ ಸಾವನ್ನು ನೆನೆದಾಗ ಈ ಮಾತು ಇನ್ನೂ ಭಾರವಾಗುತ್ತದೆ. ಮಿಷಿಗನ್‌ನ ಟೇಲರ್ ಊರಿನ, ಪಾಕಿಸ್ತಾನಿ ಮೂಲದ ಕುಟುಂಬದ 20 ವರ್ಷದ ಹುಡುಗ. 2016ರ ಮಾರ್ಚ್ 18ರಂದು ಪ್ಯಾರಿಸ್ ಐಲೆಂಡ್‌ನಲ್ಲಿ ಗಂಟಲು ನೋವೆಂದು ಚಿಕಿತ್ಸೆ ಕೇಳಲು ಬಂದವನನ್ನು ಡ್ರಿಲ್ ಇನ್‌ಸ್ಟ್ರಕ್ಟರ್ ಓಡಿಸಿದ. ಕುಸಿದುಬಿದ್ದವನ ಕೆನ್ನೆಗೆ ಹೊಡೆದ. ಹುಡುಗ ಎದ್ದು ಓಡಿ ಮೂರನೇ ಮಹಡಿಯ ಮೆಟ್ಟಿಲ ಕಟ್ಟೆಯಿಂದ ಕೆಳಗೆ ಬಿದ್ದ. ಆ ಗನ್ನರಿ ಸಾರ್ಜೆಂಟ್ ಮೂವರು ಮುಸ್ಲಿಮರೂ ಸೇರಿದಂತೆ ಹಲವು ರಿಕ್ರೂಟ್‌ಗಳನ್ನು ಹಿಂಸಿಸಿದ್ದು ಸಾಬೀತಾಗಿ 2017ರ ನವೆಂಬರಿನಲ್ಲಿ 10 ವರ್ಷ ಸೆರೆ ಶಿಕ್ಷೆಯಾಯಿತು. ಹಿಂದಿನ ವರ್ಷ ಇನ್ನೊಬ್ಬ ಮುಸ್ಲಿಂ ಹುಡುಗನನ್ನು ಬಟ್ಟೆ ಒಣಗಿಸುವ ಯಂತ್ರದೊಳಗೆ ಕೂರಿಸಿ ಅದನ್ನು ತಿರುಗಿಸಿದ್ದನ್ನೂ ನ್ಯಾಯಾಲಯ ಕೇಳಿತು. ಆ ಬಗ್ಗೆ ತನಿಖೆ ನಡೆಯುತ್ತಿರುವಾಗಲೇ ಅದೇ ಮನುಷ್ಯನ ಕೈಗೆ ಹೊಸ ಹುಡುಗರನ್ನು ಕೊಟ್ಟಿದ್ದರು.

ಅವನೂ ಜರಡಿಯಲ್ಲಿ ಸೋಸಿ ಬಂದವನೇ. ಶಾಲೆ ಮುಗಿಸಿದ್ದ, ಟೋಪಿ ತೊಟ್ಟಿದ್ದ. ತೇರ್ಗಡೆಯಾದ ದಿನದ ಯೋಗ್ಯತೆ ಈ ಕೆಲಸದ ಮೂರು ವರ್ಷವೂ ಹಾಗೆಯೇ ಉಳಿಯುತ್ತದೆ ಎಂದು ನಂಬಿದ್ದು, ದೂರು ಬಂದ ದಿನವೇ ಅವನನ್ನು ಹುಡುಗರಿಂದ ದೂರ ಮಾಡದೇ ಇದ್ದದ್ದು, ಈ ಎರಡು ತಪ್ಪು ಮೇಲಿನವರದು. ಜೊತೆಗಿದ್ದ ಡ್ರಿಲ್ ಇನ್‌ಸ್ಟ್ರಕ್ಟರ್‌ಗಳು ಬಾಯಿ ತೆರೆಯಲು ಹೆದರುವ ವಾತಾವರಣವಿದ್ದರೆ ಎಷ್ಟು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿದರೂ ಉಪಯೋಗವಿಲ್ಲ.

ಬದಲಾವಣೆಯೇ ಇಲ್ಲವೆಂದಲ್ಲ. ಹೊಸಬರು ಬಸ್ಸಿಳಿದ ಕೂಡಲೇ ಡ್ರಿಲ್ ಸಾರ್ಜೆಂಟ್‌ಗಳು ಸುತ್ತುಗಟ್ಟಿ ಕಿರುಚಿ ಕಂಗೆಡಿಸುವ, ‘ಶಾರ್ಕ್ ದಾಳಿ’ ಎಂದೇ ಹೆಸರಾದ ಪದ್ಧತಿಯನ್ನು ಭೂಸೇನೆಯ ಪದಾತಿ ಶಾಲೆ 2020ರಲ್ಲಿ ಕೈಬಿಟ್ಟಿತು. ಕಲಿಸುವವನ ಮೇಲಿನ ನಂಬಿಕೆ ಮೊದಲ ದಿನವೇ ಕೆಡುತ್ತದೆ ಎಂದು ಅಲ್ಲಿನ ಹಿರಿಯರೇ ಹೇಳಿದರು. ಈಗ ಮೊದಲ ದಿನ ಗುಂಪಾಗಿ ಸಾಮಾನು ಸಾಗಿಸುವಂಥ, ಒಬ್ಬರಿಗೊಬ್ಬರು ಹೆಗಲು ಕೊಡಲೇಬೇಕಾದ ಕೆಲಸಗಳು. ಸ್ಯಾನ್ ಡಿಯೇಗೊ ನೆಲೆ ಶುರುವಾದದ್ದು 1921ರಲ್ಲಿ. ಅಲ್ಲಿ ಹೆಣ್ಣುಮಕ್ಕಳಿಗೆ ತರಬೇತಿ ಕೊಡಲು ನೂರು ವರ್ಷ ಬೇಕಾಯಿತು. ಅದಕ್ಕೂ ಮುನ್ನ 2020ರ ಡಿಸೆಂಬರಿನಲ್ಲಿ ಮೂವರು ಮಹಿಳೆಯರು ಅಲ್ಲಿನ ಶಾಲೆಯಲ್ಲಿ ಡ್ರಿಲ್ ಇನ್‌ಸ್ಟ್ರಕ್ಟರ್‌ಗಳಾಗಿ ತೇರ್ಗಡೆಯಾದರು. 2021ರ ಮೇ 6ರಂದು 53 ಮಹಿಳೆಯರು ಆ ಮೈದಾನದಿಂದ ಮರೀನ್‌ಗಳಾಗಿ ಹೊರಬಂದರು. ಎರಡೇ ದಿನದ ಮೇಲೆ, ಮೇ 8ರಂದು, ನಮ್ಮ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದ ದ್ರೋಣಾಚಾರ್ಯ ಪರೇಡ್ ಮೈದಾನದಲ್ಲಿ ಭಾರತೀಯ ಸೇನೆಯ ಮೊದಲ 83 ಮಹಿಳಾ ಸೈನಿಕರು 61 ವಾರಗಳ ತರಬೇತಿ ಮುಗಿಸಿ ಹೆಜ್ಜೆ ಹಾಕಿದರು. ಮುಂದೆ ಇವರಲ್ಲಿಂದಲೇ ಕವಾಯತು ಕಲಿಸುವ ಉಸ್ತಾದರು ಬರಬೇಕು.

ಮರೀನ್ ಕೋರ್‌ನಲ್ಲಿ ಈ ಕೆಲಸದ ಅವಧಿ 36 ತಿಂಗಳು. ಹೆಚ್ಚಿನ ಭತ್ಯೆಯುಂಟು, ಬಡ್ತಿಗೆ ಅನುಕೂಲ. ಆದರೂ ಬಹುಕಾಲ ಇಷ್ಟಪಟ್ಟು ಮುಂದೆ ಬರುವವರಿಂದ ಜಾಗ ತುಂಬುತ್ತಿರಲಿಲ್ಲ. ಪ್ರತಿವರ್ಷ ಪ್ರಧಾನ ಕಚೇರಿಯ ತಂಡವೊಂದು ಕಡತಗಳನ್ನು ಜಾಲಾಡಿ, ಅರ್ಜಿ ಹಾಕದವರನ್ನೂ ಆರಿಸಿ ಕಳಿಸುತ್ತಿತ್ತು. ಹಾಗೆ ಮನಸ್ಸಿಲ್ಲದೆ ಬಂದವರಲ್ಲೂ ಒಳ್ಳೆಯ ಶಿಕ್ಷಕರು ಹೊರಬಿದ್ದಿದ್ದಾರೆ. ಆದರೆ ಯಾರು ಆಗುವುದಿಲ್ಲ ಎಂಬುದು ಶಾಲೆಯಲ್ಲಿ ಪಾಠ ಹೇಳುವ ಹಳಬರ ಕಣ್ಣಿಗೆ ಬೀಳುತ್ತದೆ. ಅವರೇ ಈ ಟೋಪಿ ತೊಟ್ಟು ಪ್ಲಟೂನುಗಳನ್ನು ತಯಾರು ಮಾಡಿದವರು. ಟೋಪಿಗೆ ತಕ್ಕವನಲ್ಲ ಎಂದು ಕಂಡವನನ್ನು ಅವನ ಹಳೆಯ ಕೆಲಸಕ್ಕೆ ಮರಳಿಸಲು ಅವರಿಗೆ ಪೂರಾ ಸ್ವಾತಂತ್ರ್ಯ ಇರಬೇಕು. ಹಾಗೆ ಮರಳಿದವನ ಬಡ್ತಿಗೆ ಅದು ಕಪ್ಪುಚುಕ್ಕೆಯಾಗಬಾರದು. ಇಷ್ಟು ಪ್ಲಟೂನಿಗೆ ಇಷ್ಟು ಟೋಪಿ ಬೇಕೇ ಬೇಕು ಎಂಬ ಲೆಕ್ಕ ಹಿಡಿದು ಮೇಲಿನವರು ಬಂದಾಗ, ಜನ ಸಾಲದಿದ್ದರೆ ಈ ಬಾರಿ ಕಡಿಮೆ ಪ್ಲಟೂನು ನಡೆಸಿ ಎಂದು ಶಾಲೆ ಹೇಳುವಂತಿರಬೇಕು.